ಮಗಳೂ ಸೈಕಲ್ಲೂ

ನಮ್ಮ ಸೀಮೆಯಲ್ಲಿ ಸೈಕಲ್ಲಿಗಿರುವ ಮಾನಮರ್ಯಾದೆಗಳು ಬೇರೆ ಕಡೆಯವರಿಗೆ ಒಮ್ಮೆಲೆ ತಿಳಿಯುವಂಥವಲ್ಲ. ಬೇರೆಡೆಗಳಲ್ಲಿ ಅದು ಬಡವರ ವಾಹನವೆಂದೋ, ದೊಡ್ಡ ಪಟ್ಟಣಗಳಲ್ಲಿಯಾದರೆ ಉಳ್ಳವರು ಬೊಜ್ಜು ಕರಗಿಸಿಕೊಳ್ಳುವ ಸಾಧನವೆಂದೋ ಎಣಿಸಲ್ಪಡುತ್ತಿರಬಹುದು. ವಿಜಾಪುರ, ಬಾಗಲಕೋಟೆಗಳ ಸುತ್ತಣ ಹಳ್ಳಿಗಳಲ್ಲಿಯಾದರೋ ಅದು ಊರಿನ ಮಾನವನ್ನು ಪಣಕ್ಕಿಡುವ ವಸ್ತು. ಜಾತ್ರೆಯೆಂದರೆ ತೇರು, ಬಯಲಾಟ, ಕುಸ್ತಿ, ತೆರಬಂಡಿ. ಇವುಗಳ ಸಾಲಿನಲ್ಲಿಯೇ ಸೈಕಲ್ ಶರ್ಯತ್ತಿಗೂ ಒಂದು ಸ್ಥಾನವುಂಟು. ಶರ್ಯತ್ತಿನ ಮುನ್ನಾದಿನ ಹುಡುಗರು ತಮ್ಮ ಕರಿಯ ಸೈಕಲ್ಲುಗಳ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಗಂಟೆಗಳನ್ನೆಲ್ಲ ಬಿಚ್ಚಿ ಕಟ್ಟೆಯ ಮೇಲೆ ರಾಶಿ ಹಾಕಿ, ಬರಿಯ ಎಲುಬುಗೂಡಿನಂತಾದ ವಾಹನಕ್ಕೆ ಎಣ್ಣೆ ಬಿಡುತ್ತ ಕುಳಿತಿರುವ ನೋಟವನ್ನು ನಾನು ನನ್ನ ಬಾಲ್ಯದಿಂದಲೂ ಕಂಡಿದ್ದೇನೆ. 2014ನೆಯ ನವೆಂಬರ 1ರಿಂದ ಸರಕಾರದ ಕಾಗದಪತ್ರಗಳಲ್ಲಿ ವಿಜಯಪುರವಾಗಿರುವ ಊರನ್ನು ನಾನು ಹಳೆಯ ರೂಢಿಯಂತೆ ವಿಜಾಪುರವೆಂದೇ ಬರೆಯುತ್ತಿರುವುದಕ್ಕೆ ವಾಚಕರು ಮನ್ನಿಸಬೇಕು. ನಾಲಿಗೆಗೆ ಬಂದುದು ಲೇಖನಿಗೂ ಬರುತ್ತದೆ.

ಈ ಹುಚ್ಚು ನಮ್ಮವರಿಗೆ ಹೇಗೆ ಹತ್ತಿತೆಂದು ಕೇಳುವವರಿಗೆ ನಾನು ನೆಲವನ್ನು ತೋರಿಸುತ್ತೇನೆ. ಕಣ್ಣು ಹರಿಯುವವರೆಗೆ ಎರೆಯ ಬಯಲು, ಘಟ್ಟವಿಲ್ಲ, ಕಾಡಿಲ್ಲ. ರಸ್ತೆಯು ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋಗುತ್ತದೆ. ಗೋಳಗುಮ್ಮಟವು ಹರದಾರಿಗಳ ಆಚೆಯಿಂದಲೇ ಕಾಣುವ ಊರು ನಮ್ಮದು. ಇಂಥ ನೆಲದಲ್ಲಿ ಸವಾರನಿಗೆ ಏರುವ ಕಷ್ಟವಿಲ್ಲವಾದರೂ ಗಾಳಿಯ ಕಷ್ಟವುಂಟು. ಆ ಗಾಳಿಯ ಮಾತನ್ನು ಮುಂದೆ ಹೇಳುವೆನು. ಸೈಕಲ್ ಸವಾರರಿಗೆಂದೇ ವಿಜಾಪುರದಲ್ಲಿ ಸರಕಾರದ ಕ್ರೀಡಾ ಇಲಾಖೆಯವರು ನಡೆಯಿಸುವ ವಸತಿನಿಲಯವೂ ಉಂಟು. ಆದರೆ ನಿಲಯ ಬಂದುದರಿಂದ ಸವಾರರು ಹುಟ್ಟಿದರೆನ್ನುವುದಕ್ಕಿಂತ, ಸವಾರರಿದ್ದುದರಿಂದ ನಿಲಯ ಬಂದಿತೆನ್ನುವುದೇ ನನಗೆ ಸರಿಯೆನಿಸುತ್ತದೆ.

ನಾನು ಸವಾರನಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಈಗ ನಿವೃತ್ತನಾದವನು. ಹಾಗಿದ್ದರೂ ಈ ವಿಷಯವನ್ನು ಬರೆಯಲು ಕಾರಣವುಂಟು. ಹದಿಮೂರು ಹದಿನಾಲ್ಕು ವಯಸ್ಸಿನ ಮಗನೋ ಮಗಳೋ ಶರ್ಯತ್ತಿಗೆ ಇಳಿಯುವೆನೆಂದು ಹಟ ಹಿಡಿದಾಗ ತಾಯಿತಂದೆಗಳು ನಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಎರಡನೆಯ ಮಗಳು ಆ ವಯಸ್ಸಿನಲ್ಲಿ ಆರಂಭಿಸಿ ಆರು ವರ್ಷಗಳ ಕಾಲ ಆ ದಾರಿಯಲ್ಲಿ ನಡೆದಳೆಂಬುದು ಸುತ್ತಲಿನವರಿಗೆ ಗೊತ್ತಿದೆ. ಬಂದವರಿಗೆಲ್ಲ ಹೇಳಿದುದನ್ನೇ ಇಲ್ಲಿ ಬರೆಯುತ್ತಿರುವೆನು.

ನಮ್ಮ ರಾಜ್ಯದಲ್ಲಿ 2006–07ನೆಯ ಸಾಲಿನಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಏರ್ಪಾಡು ಮೊದಲಾಯಿತು. 2009ರಲ್ಲಿ ನನ್ನ ಮಗಳಿಗೂ ಅಂಥದೊಂದು ಬಂದಿತು. ಕಬ್ಬಿಣದ ಆ ವಾಹನವನ್ನು ಎತ್ತಿ ಮೆಟ್ಟಿಲ ಮೇಲಿಡಬೇಕಾದರೆ ಅವಳ ತಾಯಿಯೂ ಕೈ ಹಚ್ಚಬೇಕಾಗುತ್ತಿದ್ದಿತು. ಸರಕಾರದವರು ಅದನ್ನು ಕೊಟ್ಟುದು ಮಕ್ಕಳು ಶಾಲೆ ಬಿಡದಿರಲೆಂದು. ನನ್ನ ಮಗಳು ಅದನ್ನು ತೆಗೆದುಕೊಂಡುದು ಶಾಲೆಗೆ ಎಷ್ಟು ನಿಮಿಷಗಳಲ್ಲಿ ಮುಟ್ಟಬಹುದೆಂದು ನೋಡುವುದಕ್ಕೆ. ಊರಿನಿಂದ ಶಾಲೆಗೆ ಐದು ಕಿಲೋಮೀಟರು. ನನ್ನ ಹಳೆಯ ಕೈಗಡಿಯಾರವು ಒಂದು ವಾರದೊಳಗೆ ಅವಳ ಮಣಿಕಟ್ಟಿಗೆ ಹೋಯಿತು. ಗೋಡೆಯ ಪಂಚಾಂಗದಲ್ಲಿ ಏಕಾದಶಿ ಸಂಕಷ್ಟಿಗಳ ಪಕ್ಕದಲ್ಲಿ ಹದಿನಾರು, ಹದಿನೈದೂವರೆ, ಹದಿನೈದು ಎಂಬ ಅಂಕಿಗಳು ಕಾಣಿಸಿಕೊಳ್ಳತೊಡಗಿದುವು. ಮೊದಲು ಅದು ಹಾಲಿನ ಲೆಕ್ಕವೆಂದು ತಿಳಿದು ನನ್ನ ತಾಯಿಯು ಗೌಳಿಗನೊಡನೆ ಒಂದು ಸಣ್ಣ ಜಗಳವನ್ನೂ ಆಡಿದಳು.

ಮರುವರ್ಷ ಪಕ್ಕದ ಊರಿನ ಜಾತ್ರೆಯಲ್ಲಿ ಇಪ್ಪತ್ತು ಕಿಲೋಮೀಟರುಗಳ ಶರ್ಯತ್ತು. ಹುಡುಗಿಯರ ಶರ್ಯತ್ತು ಬೇರೆಯಾಗಿ ಇರಲಿಲ್ಲ. ಪಂಚರು ಒಬ್ಬರ ಮುಖವನ್ನೊಬ್ಬರು ನೋಡಿದರು. ಕೊನೆಗೆ ಅವರಲ್ಲಿ ಹಿರಿಯರಾದವರು, “ಮಾಸ್ತರ ಮಗಳು, ಓಡಸಲಿ ಬಿಡ್ರಿ, ನಡುದಾರ್ಯಾಗ ಇಳದ್ರ ಟ್ರ್ಯಾಕ್ಟರದಾಗ ಕೂಡಿಸಿಕೊಂಡು ಬರೂಣು” ಎಂದು ತೀರ್ಮಾನ ಹೇಳಿದರು. ಇಪ್ಪತ್ತಮೂರು ಜನರಲ್ಲಿ ಅವಳು ಏಳನೆಯವಳಾಗಿ ಬಂದಳು. ಬಹುಮಾನವು ಮೂವರಿಗೆ ಮಾತ್ರ ಇದ್ದರೂ ಪಂಚರು ಒಂದು ಸ್ಟೀಲಿನ ಕೊಡವನ್ನೂ ನೂರಾ ಒಂದು ರೂಪಾಯಿಗಳನ್ನೂ ಅವಳಿಗೆ ಕೊಟ್ಟರು. ಕೊಡವು ಇಂದಿಗೂ ನೀರು ತುಂಬಲು ಬಳಕೆಯಲ್ಲಿದೆ.

ಅಂದು ಗುರಿಯ ಗೆರೆಯ ಬಳಿ ನಿಂತಿದ್ದ ಗೃಹಸ್ಥರೊಬ್ಬರು ನನ್ನನ್ನು ಬದಿಗೆ ಕರೆದರು. ಅವರು ತಾರುಣ್ಯದಲ್ಲಿ ರಾಜ್ಯದ ತಂಡದಲ್ಲಿ ಓಡಿಸಿದವರು. ಈಗ ಹೊಲಮನೆ ನೋಡಿಕೊಂಡಿದ್ದವರು. “ನಿಮ್ಮ ಹುಡಿಗಿ ಕಾಲು ಛಲೋ ಅದಾವ್ರಿ, ಆದ್ರ ಸೀಟು ಗೇಣುದ್ದ ಕೆಳಗೈತಿ, ಮೊಣಕಾಲು ಕೆಡಸ್ಕೋತಾಳ” ಎಂದರು. ಅವಳ ಶಿಕ್ಷಣವು ಮೊದಲಾದುದು ಹೀಗೆ.

ಸೈಕಲ್ ಓಡಿಸಲು ಬರುತ್ತದೆಂಬುದು ಒಂದು. ಶರ್ಯತ್ತಿನಲ್ಲಿ ಓಡಿಸಲು ಬರುತ್ತದೆಂಬುದು ಇನ್ನೊಂದು. ಆ ಗೃಹಸ್ಥರು ಮೊದಲ ತಿಂಗಳೆಲ್ಲ ಕಲಿಸಿದುದು ಕುಳಿತುಕೊಳ್ಳುವುದನ್ನು. ಪೆಡಲು ಅತ್ಯಂತ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಸ್ವಲ್ಪವೇ ಮಡಿಚಿರುತ್ತದೆ. ಸೀಟಿನ ಎತ್ತರವನ್ನು ಅಳೆಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಯಂತ್ರವಿಲ್ಲದೆ, ಖರ್ಚಿಲ್ಲದೆ, ಮನೆಯ ಗೋಡೆಗೆ ಒರಗಿ ನಿಂತು ನೋಡಿಕೊಳ್ಳಬಹುದು. ಎರಡನೆಯದು ಕಾಲಿನ ತಿರುವು. ನಮ್ಮ ಹುಡುಗರೆಲ್ಲ ಭಾರವಾದ ತುಳಿತವೇ ಶಕ್ತಿಯ ಲಕ್ಷಣವೆಂದು ತಿಳಿದಿರುತ್ತಾರೆ; ನಿಮಿಷಕ್ಕೆ ಐವತ್ತು ಅರುವತ್ತು ಸುತ್ತು ತುಳಿದು ತೊಡೆ ಬಿಗಿಸಿಕೊಳ್ಳುತ್ತಾರೆ. ನುರಿತ ಸವಾರನ ಕಾಲು ನಿಮಿಷಕ್ಕೆ ತೊಂಬತ್ತರ ಸುಮಾರಿಗೆ ತಿರುಗುತ್ತಿರುತ್ತದೆ. ಹಗುರವಾಗಿ ತುಳಿದು ಬೇಗ ತಿರುಗಿಸುವವನಿಗೆ ದಮ್ಮು ಹತ್ತಬಹುದು, ಆದರೆ ಮಾಂಸಖಂಡಗಳು ಬೇಗನೆ ಸೋಲುವುದಿಲ್ಲ. ದಮ್ಮು ಎರಡು ನಿಮಿಷಕ್ಕೆ ಮರಳುತ್ತದೆ, ಸೋತ ತೊಡೆ ಅಂದಿಗೆ ಮರಳುವುದಿಲ್ಲ.

ಇದೇ ವಿಚಾರದಿಂದ ಅಂತರರಾಷ್ಟ್ರೀಯ ನಿಯಮದಲ್ಲಿಯೂ ಹದಿನೇಳು ಹದಿನೆಂಟು ವಯಸ್ಸಿನ ಕಿರಿಯ ಸವಾರರಿಗೆ ಒಂದು ಕಟ್ಟು ಇದ್ದಿತು. ರಸ್ತೆಯ ಶರ್ಯತ್ತುಗಳಲ್ಲಿ ಪೆಡಲಿನ ಒಂದು ಪೂರ್ಣ ಸುತ್ತಿಗೆ ಅವರ ಸೈಕಲ್ಲು 7.93 ಮೀಟರಿಗಿಂತ ಹೆಚ್ಚು ದೂರ ಹೋಗಕೂಡದು. ಮುಂದಿನ ಚಕ್ರಕ್ಕೆ ಐವತ್ತೆರಡು ಹಲ್ಲುಗಳಿದ್ದರೆ ಹಿಂದಿನದಕ್ಕೆ ಹದಿನಾಲ್ಕಕ್ಕಿಂತ ಕಡಮೆ ಇರಬಾರದೆಂದು ಇದರ ತಾತ್ಪರ್ಯ. ಶರ್ಯತ್ತು ಮುಗಿದ ಕೂಡಲೆ ಅಧಿಕಾರಿಗಳು ಸೈಕಲ್ಲನ್ನು ಹಿಂದಕ್ಕೆ ಉರುಳಿಸಿ ಗೆರೆಯಿಂದ ಗೆರೆಗೆ ಅಳೆಯುತ್ತಿದ್ದರು. 2023ರ ಆರಂಭದಿಂದ ಆ ಕಟ್ಟನ್ನು ತೆಗೆದುಹಾಕಿದ್ದಾರೆ. ನಿಯಮ ಹೋಯಿತೆಂದು ಬುದ್ಧಿಯೂ ಹೋಗಬೇಕಿಲ್ಲವಷ್ಟೆ. ಎಳೆಯ ಮೊಣಕಾಲಿಗೆ ಭಾರದ ಗಿಯರು ಇಂದಿಗೂ ಭಾರವೇ.

ಇನ್ನು ಗಾಳಿಯ ಮಾತು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶ್ರಮದಲ್ಲಿ ಬಹುಭಾಗವು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಅದರ ಲೆಕ್ಕವು ಬಡ್ಡಿಯ ಲೆಕ್ಕಕ್ಕಿಂತಲೂ ನಿರ್ದಯವಾದುದು. ಗಂಟೆಗೆ ಮೂವತ್ತು ಕಿಲೋಮೀಟರುಗಳಲ್ಲಿ ಹೋಗುತ್ತಿದ್ದವನು ಮೂವತ್ತಮೂರಕ್ಕೆ ಏರಬೇಕಾದರೆ ವೇಗವು ಹತ್ತರಲ್ಲೊಂದು ಪಾಲು ಮಾತ್ರ ಹೆಚ್ಚುತ್ತದೆ. ಗಾಳಿಗೆ ತೆರಬೇಕಾದ ಬಲವಾದರೋ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಆದುದರಿಂದಲೇ ಶರ್ಯತ್ತಿನಲ್ಲಿ ಒಬ್ಬರ ಹಿಂದೊಬ್ಬರು ಚಕ್ರಕ್ಕೆ ಚಕ್ರ ಹಚ್ಚಿಕೊಂಡು ಹೋಗುವುದು. ಮುಂದಿನವನ ಮರೆಯಲ್ಲಿರುವವನಿಗೆ ಶ್ರಮದಲ್ಲಿ ಕಾಲುಭಾಗಕ್ಕಿಂತ ಹೆಚ್ಚೇ ಉಳಿತಾಯವಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಬಲದ ಆಟವೆಂದು ತೋರಿದರೂ ಒಳಗಿನವರಿಗೆ ಇದು ಮರೆಯ ಆಟ: ಯಾರ ಮರೆಯಲ್ಲಿ ಎಷ್ಟು ಹೊತ್ತು ಇರಬೇಕು, ಯಾವಾಗ ಹೊರಬೀಳಬೇಕು, ತನ್ನ ಪಾಳಿ ಬಂದಾಗ ಮುಂದೆ ನಿಲ್ಲದೆ ಹಿಂದೆಯೇ ಉಳಿಯುವವನ ಹೆಸರು ಎಷ್ಟು ಬೇಗ ಕೆಡುತ್ತದೆ, ಇವೆಲ್ಲ ಅದರೊಳಗೆ ಬರುತ್ತವೆ. ನನ್ನ ಮಗಳಿಗೆ ಇದು ಕಷ್ಟವಾಯಿತು. ಒಂಟಿಯಾಗಿ ಓಡಿಸಿ ಕಲಿತವಳು, ಪರರ ಚಕ್ರಕ್ಕೆ ಗೇಣು ದೂರದಲ್ಲಿ ತನ್ನ ಚಕ್ರವನ್ನು ನಂಬಿಕೆಯಿಂದ ಇಡಲು ಅವಳಿಗೆ ನಾಲ್ಕು ತಿಂಗಳು ಹಿಡಿದುವು.

ವಿಜಾಪುರದಿಂದ ಬಾಗಲಕೋಟೆಗೆ ಹೋಗುವ ದಾರಿಯು ಉತ್ತರದಿಂದ ದಕ್ಷಿಣಕ್ಕೆ. ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ. ಎಂದರೆ ಆಷಾಢದಲ್ಲಿ ಆ ದಾರಿಯುದ್ದಕ್ಕೂ ಗಾಳಿಯು ಪಕ್ಕೆಗೆ ಬಡಿಯುತ್ತದೆ. ಕೊಲ್ಹಾರದ ಬಳಿ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆಯಲ್ಲಿಯಂತೂ, ಆಲಮಟ್ಟಿಯ ಹಿನ್ನೀರು ಎರಡೂ ಕಡೆಗೆ ಹರಡಿಕೊಂಡು ಮರೆಯೆಂಬುದೇ ಇಲ್ಲದಿರುವುದರಿಂದ, ಸೈಕಲ್ಲು ತಾನಾಗಿಯೇ ಎಡಕ್ಕೆ ಜರುಗುತ್ತದೆ. ಆಗ ನೇರವಾಗಿ ಹಿಂದೆ ನಿಂತರೆ ಮರೆ ಸಿಕ್ಕದು; ಓರೆಯಾಗಿ ನಿಲ್ಲಬೇಕು. ತೆಂಕಣಕ್ಕೆ ಹೋಗುವಾಗ ಮುಂದಿನವನು ರಸ್ತೆಯ ನಡುವಿಗೆ ಬರಬೇಕು, ಉಳಿದವರು ಅವನ ಎಡಹಿಂದಕ್ಕೆ ಕ್ರಮವಾಗಿ ಬಿಚ್ಚಿಕೊಳ್ಳಬೇಕು, ಸಂಜೆಯ ಹೊತ್ತು ಹೊಲಗಳ ಮೇಲೆ ಹಾರಿಹೋಗುವ ಬೆಳ್ಳಕ್ಕಿಗಳ ಸಾಲಿನಂತೆ. ರಸ್ತೆಯ ಅಗಲಕ್ಕೆ ಐದಾರು ಜನ ಹಿಡಿಯುತ್ತಾರೆ. ಏಳನೆಯವನಿಗೆ ರಸ್ತೆಯ ಅಂಚು, ಮರೆಯಿಲ್ಲದ ಗಾಳಿ. ಅವನು ಹತ್ತು ನಿಮಿಷಗಳಲ್ಲಿ ಹಿಂದೆ ಬೀಳುವುದು ಖಂಡಿತ. ವಾಹನಗಳು ಓಡಾಡುವ ರಸ್ತೆಯಲ್ಲಿ ಇದನ್ನು ಅಭ್ಯಾಸ ಮಾಡುವುದು ಅಪಾಯ. ಆದುದರಿಂದ ಆ ಗೃಹಸ್ಥರು ಮಕ್ಕಳನ್ನು ಒಳಹಾದಿಯೊಂದಕ್ಕೆ ಕರೆದೊಯ್ದು, ಮೂವರು ಮೂವರಾಗಿ ಕಲಿಸಿದರು. ಬರುವಾಗ ಕೊಲ್ಹಾರದ ಕುಡಿಕೆಯ ಮೊಸರು ತಿನ್ನಿಸುವುದೂ ಅವರ ಶಿಕ್ಷಣಕ್ರಮದಲ್ಲಿ ಸೇರಿದ್ದಿತು. ಮಕ್ಕಳು ಗಾಳಿಯ ಪಾಠಕ್ಕೆ ತಪ್ಪದೆ ಬರುತ್ತಿದ್ದುದಕ್ಕೆ ಈ ಮೊಸರೂ ಒಂದು ಕಾರಣವೆಂದು ನನ್ನ ಊಹೆ.

ಹಣದ ಮಾತಿಗೆ ಬರೋಣ. ಮನೆಗೆ ಬರುವ ತಾಯಿತಂದೆಗಳು ಮೊದಲು ಕೇಳುವುದೂ ಅದನ್ನೇ. ಶರ್ಯತ್ತಿನ ಸೈಕಲ್ಲಿಗೆ ಬೆಲೆಯ ಮಿತಿಯೆಂಬುದಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಅದು 6.8 ಕಿಲೋಗ್ರಾಮಿಗಿಂತ ಹಗುರವಾಗಿರಕೂಡದು. ಆ ತೂಕವನ್ನು ಮುಟ್ಟುವ ವಾಹನಕ್ಕೆ ಕೊಡುವ ಹಣದಲ್ಲಿ ಹಳ್ಳಿಯಲ್ಲಿ ಎರಡು ಕೋಣೆಗಳಿಗೆ ಮಾಳಿಗೆ ಹಾಕಿಸಬಹುದು. ಹೊಸಬರಿಗೆ ಅದು ಬೇಕಾಗಿಯೇ ಇಲ್ಲ. ನಾವು ಕೊಂಡುದು ಹಿರಿಯ ಸವಾರನೊಬ್ಬನು ಬಿಟ್ಟುಕೊಟ್ಟ ಹಳೆಯ ಅಲ್ಯುಮಿನಿಯಮ್ ಸೈಕಲ್ಲನ್ನು, ಇಪ್ಪತ್ತನಾಲ್ಕು ಸಾವಿರ ರೂಪಾಯಿಗಳಿಗೆ. ಅದು ಒಂಬತ್ತು ಕಿಲೋಗ್ರಾಮಿನ ಮೇಲಿತ್ತು, ಬಣ್ಣ ಹಾರಿತ್ತು. ಆದರೆ ಚೌಕಟ್ಟಿನ ಅಳತೆ ಅವಳಿಗೆ ಸರಿಹೋಗುತ್ತಿತ್ತು, ಬ್ರೇಕುಗಳು ಹೊಸವು. ದುಡ್ಡು ಕೊಡುವ ಮುಂಚೆ ಈ ಎರಡನ್ನು ನೋಡಿದರೆ ಸಾಕು. ಹೆಲ್ಮೆಟ್ಟನ್ನು ಮಾತ್ರ ಎಂದೂ ಹಳೆಯದನ್ನು ಕೊಳ್ಳಬಾರದು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರಿದಿರುತ್ತದೆ.

ಕೊಂಡ ಬಳಿಕದ ಖರ್ಚಿನಲ್ಲಿ ಹೆಚ್ಚಿನದು ಮುಳ್ಳಿನ ಲೆಕ್ಕ. ರಸ್ತೆಯ ಬದಿಗೆಲ್ಲ ಬಳ್ಳಾರಿ ಜಾಲಿ, ನೆಲದ ಮೇಲೆಲ್ಲ ನೆಗ್ಗಿಲು. ಈ ನೆಗ್ಗಿಲ ಬಳ್ಳಿಗೆ ಇಂಗ್ಲಿಷರು ಪಂಕ್ಚರ್ ಬಳ್ಳಿಯೆಂಬರ್ಥದ ಹೆಸರನ್ನೇ ಇಟ್ಟಿದ್ದಾರೆಂದು ಮಗಳಿಂದ ತಿಳಿದಾಗ ನನಗೆ ನಗು ಬಂದಿತು. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಎಂಬ ದನದ ವೈದ್ಯನು ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬುವ ಟೈರನ್ನು ಮಾಡಿದನು. ಮರುವರ್ಷವೇ ಅದನ್ನು ಹಾಕಿಕೊಂಡ ಸವಾರನೊಬ್ಬನು ಗಟ್ಟಿ ರಬ್ಬರಿನವರನ್ನೆಲ್ಲ ಶರ್ಯತ್ತಿನಲ್ಲಿ ಸೋಲಿಸಿದನು. ಆ ಪುಣ್ಯಾತ್ಮನ ಊರಿನಲ್ಲಿ ನೆಗ್ಗಿಲು ಬೆಳೆಯುತ್ತಿರಲಿಲ್ಲವೆಂದು ತೋರುತ್ತದೆ. ಪಂಕ್ಚರು ಹಾಕುವುದನ್ನು ಮಗಳು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತಳು. ಶರ್ಯತ್ತಿಗೆ ಇಳಿಯುವ ಮಗುವು ಇದನ್ನು ಸ್ವತಃ ಮಾಡಬೇಕು, ತಂದೆಯು ಮಾಡಿಕೊಡಬಾರದು.

ಆಹಾರದಲ್ಲಿ ನಮ್ಮ ಮನೆಯವರು ಯಾವ ಡಬ್ಬಿಯ ಪುಡಿಯನ್ನೂ ತರಲಿಲ್ಲ. ಬೆಳಗಿನ ಸವಾರಿಗೆ ಮುಂಚೆ ಬಾಳೆಯ ಹಣ್ಣು. ಗಂಟೆಗಿಂತ ಹೆಚ್ಚಿನ ಸವಾರಿಯಾದರೆ ಜೇಬಿನಲ್ಲಿ ಬೆಲ್ಲದ ತುಂಡು ಅಥವಾ ಅರ್ಧ ಶೇಂಗಾ ಹೋಳಿಗೆ. ಬಾಟಲಿಯಲ್ಲಿ ಉಪ್ಪು, ಸಕ್ಕರೆ, ಲಿಂಬೆ ಹಿಂಡಿದ ನೀರು, ಬಾಯಾರಲಿ ಬಾರದಿರಲಿ ಕಾಲುಗಂಟೆಗೊಮ್ಮೆ ಎರಡು ಗುಟುಕು. ಬಂದ ಮೇಲೆ ರೊಟ್ಟಿ, ಬೇಳೆಯ ಪಲ್ಯ, ಮೊಸರು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಏಳೂವರೆಯ ಬಳಿಕ ರಸ್ತೆಯ ಮೇಲಿರುವುದು ಅವಿವೇಕ.

ಉಡುಪಿನ ವಿಷಯದಲ್ಲಿ ನನ್ನ ತಾಯಿಗೂ ಮೊಮ್ಮಗಳಿಗೂ ಸಂಧಾನವಾಗಲೇ ಇಲ್ಲ. ಮೈಗಂಟುವ ಚಡ್ಡಿಯನ್ನು ಕಂಡ ದಿನ ಮುದುಕಿಯು ಊಟ ಬಿಟ್ಟಳು. ಸಡಿಲಾದ ಬಟ್ಟೆಯು ಗಾಳಿಯನ್ನು ಹಿಡಿಯುತ್ತದೆ, ಸೀಟಿಗೆ ಸಿಕ್ಕಿ ತೊಡೆಯನ್ನು ಕೆರೆಯುತ್ತದೆ, ಸರಪಳಿಗೆ ಸಿಕ್ಕರೆ ಕೆಡವುತ್ತದೆ ಎಂದು ನಾನು ಹೇಳಿದ ಯುಕ್ತಿಗಳೊಂದೂ ನಾಟಲಿಲ್ಲ. ಊರ ಹೊರಗಿನ ಬೇವಿನ ಮರದವರೆಗೆ ಮೇಲೆ ಸಲವಾರ ಹಾಕಿಕೊಂಡು ಹೋಗುವುದೆಂದು ಮಗಳೇ ಒಂದು ದಾರಿ ತೆಗೆದಳು. ಅಜ್ಜಿಯು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಜೇಬಿಗೆ ಹೋಗುತ್ತಿದ್ದ ಹೋಳಿಗೆಗಳನ್ನು ಮಾಡುತ್ತಿದ್ದವಳು ಅವಳೇ. ಒಲಿಂಪಿಕ್ ಪಂದ್ಯಗಳಲ್ಲಿ ಗಂಡಸರ ಸೈಕಲ್ ಶರ್ಯತ್ತು 1896ರಲ್ಲಿ, ಮೊದಲನೆಯ ಕೂಟದಲ್ಲಿಯೇ ಇದ್ದಿತು; ಹೆಂಗಸರಿಗೆ ಅದು ದೊರೆತುದು 1984ರಲ್ಲಿ, ಎಂಬತ್ತೆಂಟು ವರ್ಷಗಳ ಬಳಿಕ. ಜಗತ್ತಿನ ಪಂಚರೇ ಅಷ್ಟು ಕಾಲ ಯೋಚಿಸಿದ ಮೇಲೆ ನನ್ನ ತಾಯಿಯನ್ನು ನಾನು ಹೇಗೆ ದೂರಲಿ?

2010ನೆಯ ಡಿಸೆಂಬರಿನಲ್ಲಿ ನಡೆದುದನ್ನು ಹೇಳದೆ ಈ ಬರೆಹವು ಪೂರ್ಣವಾಗದು. ಕಬ್ಬು ಅರೆಯುವ ಕಾಲವು ಬಂದಿತೆಂದರೆ ನಮ್ಮ ರಸ್ತೆಗಳಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರುಗಳು. ಒಂದಕ್ಕೆ ಎರಡು ಟ್ರೇಲರುಗಳು, ಅವುಗಳಿಂದ ಎರಡೂ ಬದಿಗೆ ಚಾಚಿಕೊಂಡ ಕಬ್ಬು. ಅನೇಕವುಗಳಿಗೆ ಹಿಂದೆ ದೀಪವೂ ಇಲ್ಲ, ಕೆಂಪು ಗಾಜಿನ ಬಿಲ್ಲೆಯೂ ಇಲ್ಲ. ಅಂಥದೊಂದು ನಸುಕಿನಲ್ಲಿ ಗಾಲಿ ಕೆಟ್ಟು ರಸ್ತೆಯ ಮೇಲೆಯೇ ನಿಂತಿದ್ದಿತು. ಮುಂದಿದ್ದ ಹುಡುಗನು ಕಡೆಯ ಗಳಿಗೆಯಲ್ಲಿ ಹೊರಳಿಸಿಕೊಂಡನು. ಅವನ ಮರೆಯಲ್ಲಿದ್ದ ನನ್ನ ಮಗಳಿಗೆ ಅದು ಕಾಣಿಸಲೇ ಇಲ್ಲ. ಭುಜವು ಟ್ರೇಲರಿನ ಮೂಲೆಗೆ ಬಡಿದು ಅವಳು ರಸ್ತೆಯ ಕೆಳಗಿನ ತೊಗರಿಯ ಹೊಲಕ್ಕೆ ಬಿದ್ದಳು. ನಾನು ಹೋಗುವಷ್ಟರಲ್ಲಿ ಎದ್ದು ಕುಳಿತಿದ್ದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. “ಅಪ್ಪಾ, ಸೈಕಲ್ಲಿನ ಮುಂದಿನ ಗಾಲಿ ಡೊಂಕಾಗೇತಿ” ಎಂದಳು. ಕೊರಳೆಲುಬು ಮುರಿದಿತ್ತು. ಸೈಕಲ್ ಸವಾರರಲ್ಲಿ ಇದು ಸಾಮಾನ್ಯವಾದ ಮುರಿತವೆಂದು ವೈದ್ಯರು ಹೇಳಿ ತೋಳನ್ನು ಜೋಳಿಗೆಯಲ್ಲಿ ಕಟ್ಟಿದರು. ಇನ್ನು ಒಂದು ಗೇಣು ಬಲಕ್ಕೆ ಆಗಿದ್ದರೆ ತಲೆಯಿತ್ತು. ಆ ಮಾತನ್ನು ನಾವು ಗಂಡಹೆಂಡಿರು ಒಬ್ಬರಿಗೊಬ್ಬರು ಆಡಲಿಲ್ಲ; ಆಡದಿದ್ದರೂ ಆರು ವಾರಗಳ ಕಾಲ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವೆನ್ನಬಹುದು.

ಎಲುಬು ಕೂಡಿದ ಮೇಲೆ ಅವಳು ಸೈಕಲ್ಲನ್ನು ಹೊರಗೆ ತಂದಳು. ನನ್ನ ಹೆಂಡತಿಯು ಬಾಗಿಲಿಗೆ ಅಡ್ಡಲಾಗಿ ನಿಂತಳು. ಅವಳು ಕೂಗಾಡುವ ಸ್ವಭಾವದವಳಲ್ಲ. “ಇಕೀನ್ನ ನಾ ಹಡದೀನಿ; ರಸ್ತಾದ ಮ್ಯಾಲ ಚೆಲ್ಲಾಕಲ್ಲ” ಎಂದಳು. ಇದಕ್ಕೆ ಉತ್ತರವೇನಿದೆ? ಮಕ್ಕಳಿಗೆ ಧೈರ್ಯ ಕಲಿಸಬೇಕೆಂದು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳುವುದು ಸುಲಭ. ಎರಡು ದಿನ ಸೈಕಲ್ಲು ಪಡಸಾಲೆಯಲ್ಲಿಯೇ ಇದ್ದಿತು. ಮಗಳು ಅಳಲಿಲ್ಲ, ಹಟ ಮಾಡಲಿಲ್ಲ, ದನಗಳಿಗೆ ನೀರು ಕುಡಿಸಿದಳು, ಓದಲು ಕುಳಿತಳು. ಆದರೆ ಪಂಚಾಂಗದಲ್ಲಿ ಅಂಕಿಗಳಿದ್ದ ತಿಂಗಳುಗಳನ್ನೆಲ್ಲ ಹರಿದು ಮಡಿಚಿ ತನ್ನ ಪೆಟ್ಟಿಗೆಯಲ್ಲಿಟ್ಟಳು. ಅದನ್ನು ಕಂಡವಳು ಅವಳ ತಾಯಿಯೇ.

ಮೂರನೆಯ ರಾತ್ರಿ ನನ್ನ ಹೆಂಡತಿಯು ತಾನಾಗಿಯೇ ಕೇಳಿದಳು: “ನಿಮ್ಮ ಗಾಡಿಗೆ ಹಿಂದ ದೀಪ ಛಲೋ ಉರೀತೈತೇನು?” ನನ್ನ ಹಳೆಯ ಮೋಟಾರು ಸೈಕಲ್ಲಿನ ಮಾತು ಅದು. ಅವಳ ಷರತ್ತು ಇಷ್ಟೆ: ಹೊತ್ತು ಮೂಡುವ ಮುಂಚೆ ಮಗಳು ರಸ್ತೆಗೆ ಹೋಗುವುದಾದರೆ ನಾನು ದೀಪ ಹಚ್ಚಿಕೊಂಡು ಹಿಂದೆ ಹೋಗಬೇಕು, ನಾನು ಹೋಗಲಾರದ ದಿನ ಅವಳೂ ಹೋಗಕೂಡದು, ಕಬ್ಬಿನ ಕಾಲದಲ್ಲಿ ಬೆಳಕು ಹರಿದ ಮೇಲೆಯೇ ಹೊರಡಬೇಕು. ಹೀಗೆ ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ದೀಪ ಹಿಡಿಯುವ ಉದ್ಯೋಗಕ್ಕೆ ನೇಮಕಗೊಂಡೆನು. ಅವಳಿಂದ ಮೂವತ್ತು ಮಾರು ಹಿಂದೆ, ಮುಂದಿನ ದೀಪದ ಬೆಳಕು ಅವಳ ದಾರಿಗೆ, ಹಿಂದಿನ ಕೆಂಪು ಲಾರಿಯವರಿಗೆ. ಮಳೆಗಾಲ ಚಳಿಗಾಲಗಳನ್ನು ಕೂಡಿಸಿ ಒಂದು ವರ್ಷದ ಮೇಲೆ ಮೂರು ತಿಂಗಳು ಹಾಗೆ ಹೋದೆವು. ಮಗಳ ಬೆನ್ನನ್ನು ಅಷ್ಟು ಹೊತ್ತು ನೋಡುವ ಯೋಗ ಎಷ್ಟು ಜನ ತಂದೆಗಳಿಗೆ ಬಂದೀತು! ಅವಳು ದಣಿದಾಗ ಎಡಭುಜವು ತುಸು ಕೆಳಗಾಗುತ್ತಿತ್ತು. ಅದು ಗುರುಗಳಿಗಿಂತ ಮೊದಲು ನನಗೆ ಗೊತ್ತಾಯಿತು.

2012ರಲ್ಲಿ ಅವಳು ಮೆಟ್ರಿಕ್ ಮುಗಿಸಿ ವಿಜಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜು ಸೇರಿದಳು. ಜೊತೆಯ ಸವಾರರೂ ಹೆಚ್ಚಾದರು. ಹತ್ತು ಕಿಲೋಮೀಟರುಗಳ ಒಂಟಿ ಓಟವು ಅವಳಿಗೆ ಹೆಚ್ಚು ಒಗ್ಗಿತು. ಒಬ್ಬೊಬ್ಬರನ್ನಾಗಿ ನಿಮಿಷದ ಅಂತರದಲ್ಲಿ ಬಿಡುವ ಈ ಓಟದಲ್ಲಿ ಯಾರ ಮರೆಯೂ ಇಲ್ಲ, ಗಡಿಯಾರವೊಂದೇ ಎದುರಾಳಿ. ಮೊದಲ ವರ್ಷ 17 ನಿಮಿಷ 20 ಸೆಕೆಂಡು. ಮರುವರ್ಷ 16 ನಿಮಿಷ 5 ಸೆಕೆಂಡು. ರಾಜ್ಯದ ಕೂಟದಲ್ಲಿ ಒಮ್ಮೆ ಮೂರನೆಯವಳಾದಳು. ಅದಕ್ಕಿಂತ ಮುಂದೆ ಹೋಗಲಿಲ್ಲ. ಎರಡು ಸಲ ತಂಡದ ಆಯ್ಕೆಯಲ್ಲಿ ಸ್ವಲ್ಪದರಲ್ಲಿ ಉಳಿದುಹೋದಳು. 2015ರಲ್ಲಿ, ಹತ್ತೊಂಬತ್ತು ತುಂಬಿದಾಗ, ಇನ್ನು ಸಾಕೆಂದು ತಾನೇ ನಿಶ್ಚಯಿಸಿದಳು. ಸೋತು ಬಿಟ್ಟಳೆನ್ನುವವರಿದ್ದರು. ನನಗೆ ಹಾಗೆ ತೋರಲಿಲ್ಲ. ಎಷ್ಟು ವೇಗವಾಗಿ ಹೋಗಬಲ್ಲೆನೆಂದು ತಿಳಿಯಬೇಕೆಂದು ಹೊರಟವಳು, ತಿಳಿದುಕೊಂಡು ಬಂದಳು. ಈಗ ಬೇರೊಂದು ಜಿಲ್ಲೆಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದಾಳೆ. 2018ರಲ್ಲಿ ನಿಕೋಬಾರದ ಎಸೋ ಆಲ್ಬೆನ್ ಎಂಬ ಹದಿನೇಳು ವಯಸ್ಸಿನ ಹುಡುಗನು ಸ್ವಿಟ್ಜರ್ಲೆಂಡಿನ ಎಗ್ಲ್‌ನಲ್ಲಿ ಕಿರಿಯರ ಜಾಗತಿಕ ಕೂಟದ ಬೆಳ್ಳಿಯ ಪದಕವನ್ನು ಗೆದ್ದನು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವದು. ಅಂದು ರಾತ್ರಿ ಹತ್ತು ಗಂಟೆಗೆ ಅವಳಿಂದ ಫೋನು ಬಂದಿತು. ತನ್ನ ಯಾವ ಓಟದ ಸುದ್ದಿಯನ್ನೂ ಅಷ್ಟು ಗಟ್ಟಿಯಾದ ದನಿಯಲ್ಲಿ ಅವಳು ಹೇಳಿದ್ದು ನೆನಪಿಲ್ಲ.

ಬಣ್ಣ ಹಾರಿದ ಆ ಅಲ್ಯುಮಿನಿಯಮ್ ಸೈಕಲ್ಲು ಈಗ ನಮ್ಮ ಓಣಿಯ ಹುಡುಗನೊಬ್ಬನ ಬಳಿ ಇದೆ. ಒಂಬತ್ತನೆಯ ತರಗತಿ ಓದುತ್ತಾನೆ. ಸೀಟನ್ನು ಎರಡು ಬೆರಳು ಇಳಿಸಿ, ಸರಪಳಿ ಬದಲಿಸಿ, ಹೊಸ ಹೆಲ್ಮೆಟ್ಟು ಕೊಂಡ ಮೇಲೆಯೇ ಒಯ್ಯಬೇಕೆಂದು ಮಗಳು ಫೋನಿನಲ್ಲಿಯೇ ಅಪ್ಪಣೆ ಮಾಡಿದ್ದಳು, ಹಾಗೆಯೇ ಮಾಡಿಸಿದೆವು. ಹುಡುಗನ ತಂದೆಗೆ ಮೋಟಾರು ಸೈಕಲ್ಲಿಲ್ಲ. ನಸುಕಿನ ಐದೂವರೆಗೆ ಸದ್ಯಕ್ಕೆ ನಾನೇ ಹೋಗುತ್ತಿದ್ದೇನೆ.